ಹೊಲಸು ಯಾರದು, ಹೊರುವವರು ಯಾರು?

ಮಂಗಳೂರಿನ ಚರಂಡಿಯ ಮಾತೆತ್ತಿದರೆ ಆಳುವವರ ಬಾಯಲ್ಲಿ ಎರಡು ಉತ್ತರಗಳು ಸದಾ ಸಿದ್ಧವಾಗಿರುತ್ತವೆ. ಒಂದು, ಹಣವಿಲ್ಲ, ಇನ್ನೊಂದು, ಜನರಿಗೆ ಶುಚಿತ್ವದ ಅರಿವಿಲ್ಲ. ಎರಡೂ ಸುಳ್ಳೆಂದು ನಾವು ಹೇಳುತ್ತೇವೆ.

ಮೊದಲು ಹಣದ ಮಾತು. 1999ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕು ನಮ್ಮ ಕರಾವಳಿಯ ಮತ್ತು ಅದರ ಆಸುಪಾಸಿನ ಹತ್ತು ಪಟ್ಟಣಗಳ ನೀರು, ಚರಂಡಿ ಮೊದಲಾದ ಕಾಮಗಾರಿಗಳಿಗೆ 17.5 ಕೋಟಿ ಡಾಲರು ಸಾಲ ಮಂಜೂರು ಮಾಡಿತು. ಮಂಗಳೂರೂ ಅದರಲ್ಲೊಂದು. ಕಾವೂರು, ಬಜಾಲ್, ಸುರತ್ಕಲ್, ಪಚ್ಚನಾಡಿ ಈ ನಾಲ್ಕು ಕಡೆ ಕೊಳಚೆ ನೀರನ್ನು ಶುದ್ಧೀಕರಿಸುವ ಸ್ಥಾವರಗಳು ಎದ್ದಿವೆ. ಸಾಲ ತೀರುವುದು ಯಾರ ಹಣದಿಂದ? ಬೀಡಿ ಕಟ್ಟುವ ತಾಯಿ ಸಾಬೂನು ಕೊಂಡಾಗ ತೆರುವ ತೆರಿಗೆಯೂ, ಗೂಡಂಗಡಿಯವನ ಪರವಾನಗಿ ಶುಲ್ಕವೂ ಸರ್ಕಾರದ ಬೊಕ್ಕಸಕ್ಕೇ ಸೇರುತ್ತವೆ. ಹಣ ಕೊಟ್ಟವನು ಲೆಕ್ಕ ಕೇಳಿದರೆ ಅಪರಾಧವೇ?

ಇನ್ನು ಜನರ ಅರಿವಿನ ಮಾತು. ಒಬ್ಬನಿಗೆ ದಿನಕ್ಕೆ 135 ಲೀಟರು ನೀರೆಂದು ಸರ್ಕಾರದ ಲೆಕ್ಕ. ಅದರಲ್ಲಿ ನೂರಕ್ಕೆ ಎಂಬತ್ತು ಭಾಗ ಕೊಳಚೆಯಾಗಿ ಹೊರಬೀಳುತ್ತದೆ. ಲಕ್ಷ ಜನರಿಗೆ ದಿನವೊಂದಕ್ಕೆ 1 ಕೋಟಿ 8 ಲಕ್ಷ ಲೀಟರು! ಕೊಳವೆ ಬಾರದ ಓಣಿಯವನು ಇದನ್ನು ತಲೆಯ ಮೇಲೆ ಹೊತ್ತೊಯ್ಯಬೇಕೇ? ಅವನು ಹೊಂಡ ತೋಡುತ್ತಾನೆ. ಮುರಕಲ್ಲಿನ ನೆಲದಲ್ಲಿ ನೀರು ಸುಲಭವಾಗಿ ಜಿನುಗುತ್ತದೆ. ಹೊಂಡದ್ದು ಪಕ್ಕದ ಬಾವಿಗೆ ಇಳಿಯುತ್ತದೆ. ತಪ್ಪು ಹೊಂಡ ತೋಡಿದವನದಲ್ಲ, ಕೊಳವೆ ಹಾಕದವನದು.

ನಮ್ಮೂರು ಗುಡ್ಡ ತಗ್ಗುಗಳ ಊರು. ತಗ್ಗಿನ ಕೊಳಚೆಯನ್ನು ಬಾವಿಯಲ್ಲಿ ಕೂಡಿಹಾಕಿ ಪಂಪಿನಿಂದ ಮೇಲೆತ್ತಬೇಕು. ಕರೆಂಟು ಹೋಗಿ ಜನರೇಟರೂ ಇಲ್ಲವಾದರೆ ಅದು ಉಕ್ಕಿ ರಾಜಕಾಲುವೆ ಸೇರುತ್ತದೆ. ಅಲ್ಲಿಂದ ಫಲ್ಗುಣಿಗೆ, ನೇತ್ರಾವತಿಗೆ, ಅಳಿವೆಗೆ. ಅಳಿವೆಯಲ್ಲಿ ಮರುವಾಯಿ ಹೆಕ್ಕಿ ಮಾರುವವರ ಹೊಟ್ಟೆಗೆ ಅದೇ ಪೆಟ್ಟು. ಸ್ಥಾವರದೊಳಗೂ ಅಷ್ಟೇ. ಹೊಲಸನ್ನು ತಿಂದು ನೀರನ್ನು ತಿಳಿಗೊಳಿಸುವ ಸೂಕ್ಷ್ಮಜೀವಿಗಳಿಗೆ ಹಗಲಿರುಳು ಗಾಳಿ ಊದಬೇಕು. ಊದುವುದು ನಿಂತರೆ ಸ್ಥಾವರವು ಬರಿಯ ಗುಂಡಿ. ಉದ್ಘಾಟನೆಗೆ ಹಾರ ಹೊತ್ತು ಬರುವವರು ಬಹಳ; ತಿಂಗಳ ಕರೆಂಟಿನ ಬಿಲ್ಲಿಗೆ ಜವಾಬು ಹೇಳುವವರಿಲ್ಲ.

ಇದು ಒಂದೂರಿನ ಕಥೆಯಲ್ಲ. ಜಲಮಾಲಿನ್ಯ ತಡೆಯುವ ಕಾಯಿದೆ ಬಂದದ್ದು 1974ರಲ್ಲಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ವರದಿಯಂತೆ ದೇಶದ ನಗರಗಳಲ್ಲಿ ದಿನಕ್ಕೆ ಹುಟ್ಟುವ ಕೊಳಚೆ 72,368 ದಶಲಕ್ಷ ಲೀಟರು, ಶುದ್ಧಿಯಾಗುತ್ತಿದ್ದುದು 20,236. ಅರ್ಧ ಶತಮಾನದ ಸಾಧನೆ ಇದು!

ಕಟ್ಟಿದ ಮ್ಯಾನ್‌ಹೋಲಿಗೆ ಇಳಿಯುವವನು ಯಾರ ಮಗ? ರಕ್ಷಣಾ ಸಾಧನವಿಲ್ಲದೆ ಮನುಷ್ಯನನ್ನು ಇಳಿಸಕೂಡದೆಂದು 2013ರ ಕಾಯಿದೆ ಹೇಳಿತು. ಸತ್ತವನ ಮನೆಯವರಿಗೆ 30 ಲಕ್ಷ ರೂಪಾಯಿ ಕೊಡತಕ್ಕದ್ದೆಂದು ಸುಪ್ರೀಂ ಕೋರ್ಟು 2023ರಲ್ಲಿ ಆಜ್ಞೆ ಮಾಡಿತು. ಆದರೆ ನಾವು ಕೇಳುವುದು ಹೆಣದ ಬೆಲೆಯನ್ನಲ್ಲ, ಆಳಿನ ಜೀವವನ್ನು.

ನಮ್ಮ ಬೇಡಿಕೆಗಳು ಸ್ಪಷ್ಟ. ಕೂಲಿಕಾರರ ಓಣಿಗಳಿಗೆ ಮೊದಲು ಕೊಳವೆ. ಪ್ರತಿ ಪಂಪುಮನೆಗೆ ಜನರೇಟರು. ಸ್ಥಾವರದಿಂದ ಹೊರಬಿಟ್ಟ ನೀರಿನ ಪರೀಕ್ಷೆಯ ಫಲ ವಾರವಾರವೂ ವಾರ್ಡಿನ ಹಲಗೆಯ ಮೇಲೆ, ಕನ್ನಡದಲ್ಲಿ. ಚರಂಡಿ ಶುಚಿಗೆ ಯಂತ್ರ, ದುಡಿಯುವವನಿಗೆ ಕಾಯಂ ನೌಕರಿ.

ಸಂಗಾತಿಗಳೇ, ವ್ಯಾಪಾರಿ ಬಂಧುಗಳೇ, ಹೊಲಸಿಗೆ ಜಾತಿಯಿಲ್ಲ. ಅದನ್ನು ಯಾರ ಬಾಗಿಲಿಗೆ ಹರಿಸಬೇಕೆಂಬ ತೀರ್ಮಾನಕ್ಕೆ ಮಾತ್ರ ಜಾತಿಯೂ ಉಂಟು, ವರ್ಗವೂ ಉಂಟು. ಆ ತೀರ್ಮಾನವನ್ನು ಇನ್ನು ಮುಂದೆ ನಾವು ಮಾಡೋಣ. ವಾರ್ಡಿನ ಸಭೆಗೆ ಬನ್ನಿ. ಒಬ್ಬೊಬ್ಬರಾಗಿ ಅಲ್ಲ, ಓಣಿ ಓಣಿಯಾಗಿ ಬನ್ನಿ.