ಕಾಗದ ತೋರಿಸಿ ಸ್ವಾಮಿ

ಕಲಾಸಿಪಾಳ್ಯಕ್ಕೆ ರಾತ್ರಿ ಅನ್ನೋದೇ ಇಲ್ಲ. ಲಾರಿ ಬರುತ್ತೆ, ಮೂಟೆ ಇಳಿಯುತ್ತೆ, ಮತ್ತೆ ಏರುತ್ತೆ. ಆ ಮೂಟೆಗಳ ಕೆಳಗಿನ ಬೆನ್ನುಗಳಲ್ಲಿ ಒಂದು ನಮ್ಮ ಅಣ್ಣನದು. ಒಂದು ರಾತ್ರಿ ಯಾರೋ ಬಾಗಿಲು ತಟ್ಟಿ, 'ನಿಮ್ಮ ದೊಡ್ಡೋನ ಮೇಲೆ ವಾರಂಟ್ ಐತಂತೆ' ಅಂದು ಹೋದರು. ಅಷ್ಟೆ. ಅವ್ವ ಒಲೆ ಆರಿಸಿಬಿಟ್ಟಳು. ಅಣ್ಣ ಅಂಗಿ ಸಿಕ್ಕಿಸಿಕೊಂಡು ತಮಿಳುನಾಡಿನ ಬಸ್ಸು ಹತ್ತಲು ಹೊರಟ. ಬೆಳಗಾಗುವಷ್ಟರಲ್ಲಿ ದಲ್ಲಾಳಿಯೊಬ್ಬ ಹಾಜರು: 'ಐದು ಸಾವಿರ ಕೊಡಿ, ನಾನು ನೋಡ್ಕೋತೀನಿ.' 'ನೀನು ಓದಿದೋನು, ಏನಾರ ಮಾಡು ಮಗಾ' ಅಂದಳು ಅವ್ವ. ಬಿ.ಎ. ಪಾಸಾದ ನಮಗೆ ಒಂದು ಸಣ್ಣ ಪ್ರಶ್ನೆಯೂ ಹೊಳೆಯಲಿಲ್ಲ: ಆ ಕಾಗದ ಎಲ್ಲಿದೆ? ಅದನ್ನು ನೋಡಿದವರು ಯಾರು?

ಯಾರೂ ನೋಡಿರಲಿಲ್ಲ. ನೋಡದ ಕಾಗದಕ್ಕೆ ಹೆದರಿ ಓಡುವುದು ನಮಗೆ ತಲೆಮಾರುಗಳಿಂದ ಅಭ್ಯಾಸವಾಗಿದೆ. ಆ ಹೆದರಿಕೆಯ ಮೇಲೇ ದಲ್ಲಾಳಿಯ ಮನೆ ನಡೆಯುತ್ತದೆ.

ವಾರಂಟ್ ಅಂದರೇನು? ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 72ನೇ ಕಲಂ ಪ್ರಕಾರ ವಾರಂಟ್ ಬರಹದಲ್ಲಿರಬೇಕು, ನ್ಯಾಯಾಧೀಶರ ಸಹಿ ಇರಬೇಕು, ಕೋರ್ಟಿನ ಮೊಹರು ಇರಬೇಕು. 77ನೇ ಕಲಂ ಪ್ರಕಾರ ಹಿಡಿಯಲು ಬಂದವರು ಅದರಲ್ಲಿ ಏನಿದೆ ಎಂದು ಹೇಳಬೇಕು, ಕೇಳಿದರೆ ತೋರಿಸಬೇಕು. ಹಿಡಿದ ಮೇಲೆ, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಕೋರ್ಟಿನ ಮುಂದೆ ನಿಲ್ಲಿಸಬೇಕು. ವಾರಂಟಿನ ಮೇಲೇ ಜಾಮೀನಿನ ಷರಾ ಇದ್ದರೆ, ಜಾಮೀನು ಕೊಟ್ಟ ಕೂಡಲೇ ಬಿಡಬೇಕು. ವಾರಂಟಿಲ್ಲದೆ ಹಿಡಿಯಬಹುದಾದ ಅಪರಾಧಗಳೂ ಇವೆ, ನಿಜ. ಆಗಲೂ ಕಾರಣ ಹೇಳಬೇಕು, 24 ಗಂಟೆಯ ಲೆಕ್ಕ ತಪ್ಪಬಾರದು.

ಇನ್ನೊಂದು ಮಾತು. ಅಣ್ಣ ಸಿಗದಿದ್ದರೆ ತಮ್ಮನನ್ನು ಎತ್ತಿಕೊಂಡು ಹೋಗುವ ಪದ್ಧತಿ. ಇದಕ್ಕೆ ಯಾವ ಕಾನೂನಿನಲ್ಲೂ ಕಲಂ ಇಲ್ಲ. ಆದರೂ ಈ ಊರಿಗೆ ಇದು ಹೊಸದಲ್ಲ. ತುರ್ತು ಪರಿಸ್ಥಿತಿಯಲ್ಲಿ ಜಾರ್ಜ್ ಫರ್ನಾಂಡಿಸ್ ಭೂಗತರಾಗಿದ್ದಾಗ, 1976ರ ಮೇ 1ರಂದು ಇದೇ ಬೆಂಗಳೂರಿನಲ್ಲಿ ಅವರ ತಮ್ಮ ಲಾರೆನ್ಸರನ್ನು ಹಿಡಿದೊಯ್ದರು. ಅಣ್ಣ ಎಲ್ಲಿ ಎಂದು ಕೇಳಿ ಕೇಳಿ ಹಿಂಸಿಸಿದರು. ತಾಯಿ ಆಲಿಸ್ ಫರ್ನಾಂಡಿಸ್ ರಾಷ್ಟ್ರಪತಿಗೇ ಪತ್ರ ಬರೆದರು. ಹೆಸರಿದ್ದವರ ಮನೆಗೇ ಈ ಗತಿಯಾದರೆ ಮೂಟೆ ಹೊರುವವನ ತಮ್ಮನ ಪಾಡೇನು? ಅವನ ಅವ್ವನಿಗೆ ಪತ್ರ ಬರೆಯಲು ಅಕ್ಷರ ಕೊಟ್ಟವರು ಯಾರು?

ಈ ವ್ಯವಸ್ಥೆಯ ನಗೆಪಾಟಲು ನೋಡಿ. 1978ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಮೋತಿರಾಮ್ ಎಂಬ ಗಾರೆ ಕೆಲಸದವನ ಪ್ರಕರಣ ಬಂತು. ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿದ್ದರು. ಸ್ವಂತ ಸಹೋದರ ಮುಂದೆ ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದ್ದರು. ಅದು ತಪ್ಪೆಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಹೇಳಬೇಕಾಯಿತು. ಲಾಕಪ್ಪಿಗೆ ಆಗುವ ತಮ್ಮ ಜಾಮೀನಿಗೆ ಆಗುವುದಿಲ್ಲವೆ ಸ್ವಾಮಿ?

ಅಣ್ಣನನ್ನು ಬಸ್ ಸ್ಟ್ಯಾಂಡಿನಿಂದ ವಾಪಸು ಕರೆತಂದೆವು. ಅಡಗಿ ಕೂತರೆ ವಾರಂಟ್ ಸಾಯುವುದಿಲ್ಲ. ಕೋರ್ಟು ರದ್ದು ಮಾಡುವವರೆಗೆ, ಇಲ್ಲವೇ ಜಾರಿಯಾಗುವವರೆಗೆ ಅದು ಬದುಕಿರುತ್ತದೆ. ತಲೆಮರೆಸಿಕೊಂಡಿದ್ದಾನೆಂದರೆ ಘೋಷಣೆ, ಆಮೇಲೆ ಜಪ್ತಿ.

ಕಲಾಸಿಪಾಳ್ಯದಿಂದ ನಡೆದೇ ಹೋಗಬಹುದಾದ ಎಚ್. ಸಿದ್ದಯ್ಯ ರಸ್ತೆಯಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಕಟ್ಟಡದ ಹೆಸರು ನ್ಯಾಯದೇಗುಲ. ದೇಗುಲ ಅಂದ ಕೂಡಲೇ ನಮ್ಮ ಕಾಲು ಹಿಂಜರಿಯುತ್ತೆ, ಹೊರಗೆ ನಿಂತೇ ರೂಢಿ. ಆದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ, ಬಂಧನದಲ್ಲಿರುವವರಿಗೆ ಉಚಿತ ವಕೀಲರು ಸಿಗುವುದು ಹಕ್ಕು. ಆದಾಯದ ಲೆಕ್ಕ ಕೇಳುವಂತಿಲ್ಲ. 15100ಕ್ಕೆ ಫೋನು ಮಾಡಿದರೂ ಆದೀತು. ನಾವು ಒಳಗೆ ಹೋದೆವು. ವಕೀಲರು ಸಿಕ್ಕರು. ಕಾಗದ ಸಿಕ್ಕಿತು.

ಅದರಲ್ಲಿ ಕೊಲೆಯಿರಲಿಲ್ಲ, ದರೋಡೆಯಿರಲಿಲ್ಲ. ಕೂಲಿಯ ಜಗಳದ ಹಳೇ ಕೇಸು. ಸಮನ್ಸು ನಾವು ಬಿಟ್ಟ ಗುಡಿಸಲಿನ ವಿಳಾಸಕ್ಕೆ ಹೋಗಿತ್ತು. ಒಂದು ವಾಯಿದೆ ಅಣ್ಣನಿಗೆ ಗೊತ್ತೇ ಇರಲಿಲ್ಲ. ಇನ್ನೊಂದು ಗೊತ್ತಿತ್ತು, ಆದರೆ ಅವತ್ತಿನ ಕೂಲಿ ಬಿಟ್ಟರೆ ಹಿಟ್ಟಿಗೆ ಕಾಸಿರಲಿಲ್ಲ. ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನಿಂತು ಅಣ್ಣ ಇದನ್ನೇ ಹೇಳಿದ. ವಾರಂಟ್ ರೀಕಾಲ್ ಆಯಿತು. ಕೇಸು ಇನ್ನೂ ಇದೆ. ಅಣ್ಣನೂ ಊರಲ್ಲೇ ಇದ್ದಾನೆ.

ಹಳ್ಳಿಯ ಮೇಷ್ಟ್ರುಗಳೇ, ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ನಮ್ಮ ಕೇರಿಗಳಲ್ಲಿ ಇಂಥ ಬಾಗಿಲುಗಳನ್ನು ತಟ್ಟುತ್ತಲೇ ಇದ್ದಾರೆ. ಅಪ್ಪ ಅವ್ವ ಕೂಲಿ ಮಾಡಿ ನಮಗೆ ಅಕ್ಷರ ಕಲಿಸಿದ್ದು ಪದ್ಯ ಬರೆಯುವುದಕ್ಕೆ ಮಾತ್ರವಲ್ಲ. ಕೇಸಿನ ನಂಬರು ಬರೆದುಕೊಳ್ಳಿ. ಇ-ಕೋರ್ಟ್ಸ್ ತಾಣದಲ್ಲಿ ವಾಯಿದೆ ನೋಡಿ ಹೇಳಿ. ವಾಯಿದೆಯ ದಿನ ಜೊತೆಗೆ ನಡೆಯಿರಿ. ಬಾಗಿಲು ತಟ್ಟಿದವರ ಮುಂದೆ ನಿಂತು, ದನಿ ನಡುಗಿದರೂ ಸರಿ, ಕೇಳಿ: ಕಾಗದ ತೋರಿಸಿ ಸ್ವಾಮಿ, ನಮಗೆ ಓದಲು ಬರುತ್ತದೆ.