ಸಾಯಿಸಿ, ಆದರೆ ಅಳೋದಕ್ಕೆ ಒಂದು ಪುಟ ಕೊಡಿ

"ಯಾರ್ ಹೋದ್ರಲೇ ಈ ಸಲ?"

ಬೇವೂರಿನಿಂದ ಬಾಗಲಕೋಟೆಗೆ ಹೋಗುವ ಬಸ್ಸಿಗೆ ಕಾಯುತ್ತ ನಿಂತಾಗ ನನ್ನ ಗೆಳೆಯ ಕೇಳುವ ಮೊದಲ ಪ್ರಶ್ನೆ ಇದು. ಒಂದು ದಿನ ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಗಾಬರಿಯಾಗಿ ತಿರುಗಿ, "ಯಾರ ಮನ್ಯಾಗಪಾ?" ಅಂದರು. "ಊರಾಗ ಅಲ್ರೀ ಕಾಕಾ, ಕಥಿ ಪುಸ್ತಕದಾಗ" ಎಂದೆ. ಅವರು ನಮ್ಮಿಬ್ಬರನ್ನು ನೋಡಿದ ನೋಟ ಇನ್ನೂ ನೆನಪಿದೆ. ನಮ್ಮ ಕಡೆ ಯಾರೋ ಹೋದರು ಎಂದರೆ ಮುಂದಿನ ಮಾತು "ಮಣ್ಣು ಎಷ್ಟೊತ್ತಿಗೆ?" ಎಂಬುದು. ನಾವು ಮಾತ್ರ ಕ್ರಿಕೆಟ್ ಸ್ಕೋರು ಕೇಳಿದ ಹಾಗೆ ಕೇಳುತ್ತಿದ್ದೆವು.

ಆ ಕಥೆ ಪುಸ್ತಕ ಜಾರ್ಜ್ ಆರ್.ಆರ್. ಮಾರ್ಟಿನ್ ಬರೆದ 'ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್' ಸರಣಿಯದು. ಗೆಳೆಯ 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯನ್ನು ಮೊಬೈಲಿನಲ್ಲಿ ನೋಡಿದವನು, ನಾನು ಪುಸ್ತಕ ಹಿಡಿದವನು. (ಇನ್ನೂ ಓದದವರು ಇದ್ದರೆ ಮುಂದಿನ ಎರಡು ಪ್ಯಾರಾ ದಾಟಿಕೊಳ್ಳಿ, ಆಮೇಲೆ ನನ್ನನ್ನು ಬೈಯಬೇಡಿ.)

1996ರಲ್ಲಿ ಬಂದ ಮೊದಲ ಪುಸ್ತಕವನ್ನು, ಆರಂಭದ ಅಧ್ಯಾಯವೊಂದನ್ನು ಬಿಟ್ಟರೆ, ಎಂಟೇ ಮಂದಿಯ ಕಣ್ಣಿನಿಂದ ನಾವು ನೋಡುತ್ತೇವೆ. ಅವರಲ್ಲೊಬ್ಬ ನೆಡ್ ಸ್ಟಾರ್ಕ್. ಕಥೆಯ ಯಜಮಾನ ಇವನೇ ಎಂದು ನಂಬಿ ಕೂತವರಿಗೆ ಪುಸ್ತಕ ಮುಗಿಯುವ ಮೊದಲೇ ಅವನ ತಲೆ ಉರುಳುತ್ತದೆ. ನಾನು ಅಂದು ರಾತ್ರಿ ಪುಸ್ತಕ ಮುಚ್ಚಿಟ್ಟು ಮಲಗಿದೆ, ನಿದ್ದೆ ಬರಲಿಲ್ಲ. ಎಲ್ಲರೂ ಹೇಳುವುದು ಅದು ಅನಿರೀಕ್ಷಿತವಾಗಿತ್ತು, ಅದಕ್ಕೇ ನಾಟಿತು ಎಂದು. ನನಗೆ ಹಾಗೆ ಅನ್ನಿಸುವುದಿಲ್ಲ. ಅನಿರೀಕ್ಷಿತ ಎಂಬುದು ಒಂದು ಕ್ಷಣದ ಮಾತು. ಆಮೇಲೆ ಪುಸ್ತಕಗಟ್ಟಲೆ ಅವನ ಮಕ್ಕಳು ಒಬ್ಬೊಬ್ಬರೂ ಒಂದೊಂದು ದಿಕ್ಕಿಗೆ ಚದುರಿ, ಅಪ್ಪ ಹೇಳಿದ ಮಾತನ್ನು ಬೇರೆ ಬೇರೆ ರೀತಿ ನೆನೆಯುತ್ತ ಹೋಗುತ್ತಾರಲ್ಲ, ಆ ಸಾವು ನಿಂತಿರುವುದು ಅಲ್ಲಿ.

ಮುಂದೆ ಏನಾಯಿತು? ಜನ ಬಂದರು. ಮನೆತನಗಳು, ಉಪಮನೆತನಗಳು, ಸಮುದ್ರದಾಚೆಯ ಪಟ್ಟಣಗಳು, ಅಲ್ಲಿನ ವ್ಯಾಪಾರಿಗಳು, ಅವರ ಕೂಲಿ ಸೈನಿಕರು. ಪುಸ್ತಕದ ಹಿಂದೆ ಮನೆತನಗಳ ಪಟ್ಟಿಯೇ ಇದೆ. ಅದೂ ಸಾಲದೆ ನಾನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಳ್ಳತೊಡಗಿದೆ. ಸತ್ತವರ ಮುಂದೆ ಗುಣಿಸು ಚಿಹ್ನೆ. ನಾಲ್ಕನೇ ಪುಸ್ತಕದ ಹೊತ್ತಿಗೆ ಲೇಖಕರಿಗೇ ಜಾಗ ಸಾಲದೆ ಪಾತ್ರಗಳನ್ನು ಎರಡು ಪಾಲು ಮಾಡಿದರು. 2005ರ ಪುಸ್ತಕದಲ್ಲಿ ಅರ್ಧ ಮಂದಿ, 2011ರ ಪುಸ್ತಕದಲ್ಲಿ ಉಳಿದರ್ಧ. ಟಿರಿಯನ್ ಎಂಬ ಎಲ್ಲರ ಮೆಚ್ಚಿನ ಪಾತ್ರವನ್ನು 2000ದಲ್ಲಿ ಬಿಟ್ಟವರು ಮತ್ತೆ ಕಂಡದ್ದು 2011ರಲ್ಲಿ. ಆರನೆಯದು ಇನ್ನೂ ಬಂದಿಲ್ಲ. ಇಷ್ಟರಲ್ಲಿ ನನ್ನ ನೋಟ್‌ಬುಕ್ಕಿನಲ್ಲಿ ಒಂದು ವಿಚಿತ್ರ ನಡೆದಿತ್ತು. ಒಬ್ಬನ ಹೆಸರಿನ ಮುಂದೆ ಗುಣಿಸು ಹಾಕಿ, ಪುಟ ತಿರುಗಿಸಿ, ಐದು ನಿಮಿಷದ ಮೇಲೆ ಇವನು ಯಾರಾಗಿದ್ದ ಎಂದು ನನ್ನನ್ನೇ ಕೇಳಿಕೊಂಡೆ. ಉತ್ತರ ಹೊಳೆಯಲಿಲ್ಲ. ಸತ್ತದ್ದು ಮಾತ್ರ ಗೊತ್ತು.

ಇದು ಒಬ್ಬ ಮಾರ್ಟಿನ್ ಮೇಲಿನ ದೂರಲ್ಲ. ಹ್ಯಾರಿ ಪಾಟರ್‌ನ ಏಳನೇ ಪುಸ್ತಕ (2007) ನೋಡಿ. ಅದರಲ್ಲಿ ಡಾಬಿ ಎಂಬ ಪುಟ್ಟ ಮನೆಯಾಳು ಸಾಯುತ್ತಾನೆ. ಮಂತ್ರದಂಡ ಬೀಸಿದರೆ ಗುಂಡಿ ತೋಡಬಹುದು, ಆದರೆ ಹ್ಯಾರಿ ಹಾಗೆ ಮಾಡುವುದಿಲ್ಲ. ಸಲಿಕೆ ಹಿಡಿದು, ಬೆವರು ಸುರಿಸಿ, ಕೈಯಾರೆ ಗುಂಡಿ ತೋಡುತ್ತಾನೆ. ಗೆಳೆಯರು ಬಂದು ಕೈ ಹಚ್ಚುತ್ತಾರೆ. ಇದೇ ಪುಸ್ತಕದಲ್ಲಿ ಹ್ಯಾರಿಗೆ ಮೇಷ್ಟ್ರೂ ಅಪ್ಪನ ಗೆಳೆಯನೂ ಆಗಿದ್ದ ಲೂಪಿನ್ ಸಾಯುತ್ತಾನೆ, ಜೊತೆಗೆ ಅವನ ಹೆಂಡತಿ ಟಾಂಕ್ಸ್ ಕೂಡ. ಮನೆಯಲ್ಲಿ ಎಳೇ ಕೂಸು. ಅವರು ಸಾಯುವುದನ್ನು ನಾವು ನೋಡುವುದೂ ಇಲ್ಲ. ಯುದ್ಧದ ಮಧ್ಯೆ ಹ್ಯಾರಿ ಒಳಗೆ ಬಂದಾಗ ಹೆಣಗಳ ಸಾಲಿನಲ್ಲಿ ಇಬ್ಬರೂ ಮಲಗಿರುತ್ತಾರೆ, ಕಥೆ ಮುಂದಕ್ಕೆ ಓಡುತ್ತದೆ. ಆಮೇಲೆ ಲೂಪಿನ್‌ನ ನೆರಳು ಬಂದು ಎರಡು ಮಾತಾಡುತ್ತದೆ, ನಿಜ. ಟಾಂಕ್ಸ್‌ಗೆ ಅದೂ ಇಲ್ಲ. ಡಾಬಿಗಾಗಿ ಅತ್ತ ನಾನು ಇವರಿಗಾಗಿ ಅಳಲಿಲ್ಲ. ಅಳುವಷ್ಟು ಪುರುಸೊತ್ತು ಯಾರು ಕೊಟ್ಟರು?

ನಮ್ಮೂರ ಕಡೆ ದೊಡ್ಡಾಟ ನೋಡಿದವರಿಗೆ ಒಂದು ವಿಷಯ ಗೊತ್ತು. ಯಾವ ಪಾತ್ರವೂ ಸುಮ್ಮನೆ ಬಂದು ಕೂರುವ ಹಾಗಿಲ್ಲ. ಸಾರಥಿ ತಡೆದು ನಿಲ್ಲಿಸಿ ನೀವು ಯಾರು, ಎಲ್ಲಿಯವರು, ಯಾತಕ್ಕೆ ಬಂದಿರಿ ಎಂದು ಕೇಳುತ್ತಾನೆ. ಪಾತ್ರಧಾರಿ ಹೆಸರು, ಕುಲ, ಪರಾಕ್ರಮ ಎಲ್ಲ ಹೇಳಿ, ಹಾಡಿ, ಕುಣಿದ ಮೇಲೆಯೇ ಕಥೆ ಮುಂದಕ್ಕೆ. ಚಿಕ್ಕವನಿದ್ದಾಗ ನನಗೆ ಇದರಷ್ಟು ಬೇಸರದ ಕೆಲಸ ಇನ್ನೊಂದಿರಲಿಲ್ಲ, ಯುದ್ಧ ಯಾವಾಗ ಎಂದು ಕಾಯುತ್ತ ನಿದ್ದೆ ಹೋಗುತ್ತಿದ್ದೆ. ಈಗ ಅನ್ನಿಸುತ್ತದೆ, ಆ ಸಾರಥಿಯೊಬ್ಬ ಈ ದಪ್ಪ ಪುಸ್ತಕಗಳ ಬಾಗಿಲಲ್ಲಿ ನಿಂತಿದ್ದರೆ ಅರ್ಧ ಮಂದಿ ಹೊರಗೇ ಉಳಿಯುತ್ತಿದ್ದರು.

ಗೆಳೆಯ ಇದನ್ನು ಒಪ್ಪುವುದಿಲ್ಲ. "ಯುದ್ಧ ಅಂದ್ರ ಹಂಗ ಇರತೈತಿ. ಯಾರಿಗೂ ಅಳಾಕ ಟೈಮ್ ಇರಂಗಿಲ್ಲ. ಮಹಾಭಾರತದಾಗ ಏನು ಕಡಿಮಿ ಮಂದಿ ಸತ್ತಾರೇನು?" ಎನ್ನುತ್ತಾನೆ. ಗಟ್ಟಿ ಪ್ರಶ್ನೆ. ಹದಿನೆಂಟು ಅಕ್ಷೋಹಿಣಿ ಸೈನ್ಯ, ಹದಿನೆಂಟು ದಿನ. ಕೊನೆಗೆ ಉಳಿದವರನ್ನು ಬೆರಳಲ್ಲಿ ಎಣಿಸಬಹುದು. ಪಾತ್ರಗಳ ಜಾತ್ರೆಗೆ ಅದಕ್ಕಿಂತ ದೊಡ್ಡ ಉದಾಹರಣೆ ಎಲ್ಲಿದೆ? ನೂರು ಮಂದಿ ಕೌರವರಲ್ಲಿ ಎಷ್ಟು ಹೆಸರು ಬರುತ್ತವೆ ಎಂದು ನಿಮ್ಮ ಮನೆಯಲ್ಲಿ ಕೇಳಿ ನೋಡಿ. ದುರ್ಯೋಧನ, ದುಶ್ಶಾಸನ, ಆಮೇಲೆ ಸ್ವಲ್ಪ ಯೋಚಿಸಿ ವಿಕರ್ಣ. ವಿಕರ್ಣ ಯಾಕೆ ನೆನಪಾಗುತ್ತಾನೆ? ದ್ರೌಪದಿಯನ್ನು ಸಭೆಗೆ ಎಳೆದು ತಂದಾಗ ಹಿರಿಯರೆಲ್ಲ ಬಾಯಿ ಮುಚ್ಚಿ ಕೂತಿದ್ದರೆ ಎದ್ದು ನಿಂತು ಇದು ತಪ್ಪು ಎಂದವನು ಅವನು. ಒಂದೇ ಒಂದು ದೃಶ್ಯ. ಮುಂದೆ ಅವನು ಭೀಮನ ಕೈಯಲ್ಲಿ ಸತ್ತಾಗ ಕೊಂದ ಭೀಮನೇ ಮರುಗುತ್ತಾನೆ. ಉಳಿದ ತೊಂಬತ್ತೇಳು ಮಂದಿ ಲೆಕ್ಕಕ್ಕೆ ಇದ್ದಾರೆ. ಹಾಗಾಗಿ ಜನ ಹೆಚ್ಚಾದದ್ದೇ ತಪ್ಪು ಎಂದು ನಾನು ಹೇಳಲಾರೆ. ಕೊಲ್ಲುವ ಮೊದಲು ಅವನಿಗೊಂದು ವಿಕರ್ಣನ ಗಳಿಗೆ ಸಿಕ್ಕಿತೇ, ಕೊಂದ ಮೇಲೆ ಯಾರಾದರೂ ತಿರುಗಿ ನೋಡಿದರೇ, ಇಷ್ಟೇ ನನ್ನ ಪ್ರಶ್ನೆ.

ತಿರುಗಿ ನೋಡುವುದನ್ನು ನಮ್ಮದೇ ಜಿಲ್ಲೆಯವನೊಬ್ಬ ಸಾವಿರ ವರ್ಷದ ಹಿಂದೆ ಮಾಡಿ ತೋರಿಸಿದ್ದಾನೆ. ಮುಧೋಳದ ರನ್ನ. ಪಿಯುಸಿ ಮೊದಲ ವರ್ಷದ ಕನ್ನಡ ಪಠ್ಯದಲ್ಲಿ 'ದುರ್ಯೋಧನ ವಿಲಾಪ' ಎಂಬ ಪಾಠವನ್ನು ಓದಿದವರು ಬಹಳ ಮಂದಿ ಇದ್ದೀರಿ. ನಾನು ಅದನ್ನು ಓದಿದ್ದು ಅಂಕಕ್ಕಾಗಿ. ಹಳಗನ್ನಡ, ಬಿಡಿಸಿ ಬರೆಯಿರಿ, ಸಂದರ್ಭ ಸೂಚಿಸಿ. ಮಾರ್ಟಿನ್ ಓದಿ ಸುಸ್ತಾದ ಮೇಲೆ ಮತ್ತೆ ತೆಗೆದಾಗ ಬೇರೆಯೇ ಆಗಿ ಕಂಡಿತು.

10ನೇ ಶತಮಾನದ ರನ್ನನ ಕೈಯಲ್ಲಿದ್ದದ್ದು ಅದೇ ಮಹಾಭಾರತದ ಜನಜಂಗುಳಿ. ಅವನು ಮಾಡಿದ ಜಾಣತನ ನೋಡಿ. 'ಗದಾಯುದ್ಧ'ದಲ್ಲಿ ಯುದ್ಧದ ಕೊನೆಯ ಹೊತ್ತನ್ನು ಮಾತ್ರ ಹಿಡಿದುಕೊಂಡ, ಹಿಂದಿನದನ್ನೆಲ್ಲ ಸಿಂಹಾವಲೋಕನದಲ್ಲಿ ತಂದ. ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ಕಾಲಿಡಲು ಜಾಗವಿಲ್ಲದ ರಣರಂಗದಲ್ಲಿ ಭೀಷ್ಮನನ್ನು ಕಾಣಲು ನಡೆದು ಹೋಗುತ್ತಾನೆ. ಅಷ್ಟು ಹೆಣಗಳಲ್ಲಿ ಅವನು ನಿಂತು ಅಳುವುದು ಕೆಲವರ ಮುಂದೆ ಮಾತ್ರ. ಗುರು ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ. ಮತ್ತೊಬ್ಬ, ಶತ್ರುವಿನ ಮಗ ಅಭಿಮನ್ಯು. ಆ ಹುಡುಗನ ಹೆಣದ ಮುಂದೆ ಅವನು, ನಿನ್ನ ಸಾಹಸದಲ್ಲಿ ಒಂದು ಪಾಲಾದರೂ ಇರುವಂಥ ಸಾವು ನನಗೂ ಬರಲಿ ಎಂದು ಬೇಡುತ್ತಾನೆ. ದುಶ್ಶಾಸನನ ಮುಂದೆ ಆಡುವ ಮಾತು ಇನ್ನೂ ಕಷ್ಟದ್ದು. ತಾಯಿಯ ಹಾಲಿನಿಂದ ಹಿಡಿದು ಎಲ್ಲವೂ ಮೊದಲು ನನಗೆ, ಆಮೇಲೆ ನಿನಗೆ ಸಿಕ್ಕಿತು, ಸಾಯುವುದರಲ್ಲಿ ಮಾತ್ರ ಯಾಕೆ ಈ ಕ್ರಮ ತಪ್ಪಿದೆ ಎಂಬ ಅರ್ಥದ ಮಾತು. ಸೀರೆ ಎಳೆದವನಿಗಾಗಿ ನನ್ನ ಕಣ್ಣಲ್ಲಿ ನೀರು ಬರಬಹುದು ಎಂದು ನಾನು ಅಂದುಕೊಂಡಿರಲಿಲ್ಲ. ನಮ್ಮ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಹೆಣ್ಣುಮಕ್ಕಳು ಹಾಡಿಕೊಂಡು ಅಳುತ್ತಾರಲ್ಲ, ಸತ್ತವರು ಉಂಡದ್ದು, ಉಟ್ಟದ್ದು, ಜಗಳಾಡಿದ್ದು ಎಲ್ಲ ಹೇಳಿ, ಹಾಗೆಯೇ ಇದೆ ಅದು.

ಈ ಅಳು ಕಥೆಯನ್ನು ನಿಲ್ಲಿಸುವುದೂ ಇಲ್ಲ. ಮುಂದೆ ಭೀಷ್ಮ ಸಂಧಿ ಮಾಡಿಕೋ ಎಂದರೆ ದುರ್ಯೋಧನ ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ನಾವು ಅವನ ಜೊತೆಗೇ ಆ ಹೆಣಗಳನ್ನು ದಾಟಿ ಬಂದಿದ್ದೇವೆ. ಅಳೋದಕ್ಕೆ ಜಾಗ ಕೊಟ್ಟರೆ ಕಥೆ ನಿಧಾನವಾಗುತ್ತದೆ ಎನ್ನುವವರಿಗೆ ನನ್ನ ಉತ್ತರ ಇದು.

ಇನ್ನೊಂದು ಚಟದ ಬಗ್ಗೆಯೂ ಹೇಳಿಬಿಡುತ್ತೇನೆ. ಸತ್ತವರನ್ನು ಎಬ್ಬಿಸುವುದು. ಮಾರ್ಟಿನ್ ಕಥೆಯಲ್ಲಿ ಬೆರಿಕ್ ಎಂಬವನು ಮತ್ತೆ ಮತ್ತೆ ಸತ್ತು ಎದ್ದು ಬರುತ್ತಾನೆ. ಪ್ರತಿ ಸಲ ಏಳುವಾಗಲೂ ಅವನ ನೆನಪು ಸ್ವಲ್ಪ ಸ್ವಲ್ಪ ಅಳಿಸಿ ಹೋಗುತ್ತದೆ ಎಂದು ಬರೆದದ್ದಕ್ಕೆ ಮಾರ್ಟಿನ್‌ಗೆ ಒಂದು ಮೆಚ್ಚುಗೆ, ಅಲ್ಲಿ ಎದ್ದು ಬರುವುದಕ್ಕೂ ಬೆಲೆ ತೆರಬೇಕು. ಬೆಲೆಯೇ ಇಲ್ಲದೆ ಎದ್ದು ಬರುವ ನಾಯಕರನ್ನು ಕಂಡಾಗ ಮಾತ್ರ ನನಗೆ ಹಿಂದೆ ಸುರಿಸಿದ ಕಣ್ಣೀರನ್ನು ವಾಪಸ್ ಕೇಳಬೇಕು ಅನ್ನಿಸುತ್ತದೆ.

ಮುಗಿಯದ ಸರಣಿಗಾಗಿ ಮಾರ್ಟಿನ್ ಮೇಲೆ ಸಿಟ್ಟು ಮಾಡುವವರ ಜೊತೆ ನಾನಿಲ್ಲ. ನಮ್ಮ ಪಕ್ಕದ ಗದುಗಿನ ಕುಮಾರವ್ಯಾಸನೂ ಭಾರತವನ್ನು ಹತ್ತೇ ಪರ್ವ ಬರೆದು ಗದಾಪರ್ವಕ್ಕೆ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಮುಗಿಸಿದ. 'ವ್ಹೀಲ್ ಆಫ್ ಟೈಮ್' ಬರೆಯುತ್ತಿದ್ದ ರಾಬರ್ಟ್ ಜೋರ್ಡನ್ 2007ರಲ್ಲಿ ತೀರಿಕೊಂಡಾಗ ಬ್ರ್ಯಾಂಡನ್ ಸ್ಯಾಂಡರ್ಸನ್ ಅದನ್ನು 2013ಕ್ಕೆ ಮುಗಿಸಿದರು. ತಡವಾದರೆ ಆಗಲಿ. ಆರನೇ ಪುಸ್ತಕ ಬರುವಾಗ ಹೊಸ ಮನೆತನ ಒಂದೂ ಬರದಿರಲಿ, ಇದ್ದವರಲ್ಲಿ ಸಾಯುವವರಿಗೆ ಯಾರಾದರೂ ಸಲಿಕೆ ಹಿಡಿದು ಗುಂಡಿ ತೋಡಲಿ.

ಮೊನ್ನೆ ಬಸ್ ನಿಲ್ದಾಣದಲ್ಲಿ ನನ್ನ ಕೈಯಲ್ಲಿದ್ದ 'ಗದಾಯುದ್ಧ'ವನ್ನು ಗೆಳೆಯ ತಿರುವಿ ಹಾಕಿದ.

"ಇದರಾಗ ಎಷ್ಟು ಮಂದಿ ಸಾಯ್ತಾರಲೇ?"

"ಪುಸ್ತಕ ಚಾಲೂ ಆಗೂದ್ರಾಗ ಬಹಳ ಮಂದಿ ಸತ್ತ ಹೋಗಿರ್ತಾರ."

"ಹಂಗಾದ್ರ ಓದಾಕ ಏನ್ ಉಳಿದೈತಿ?"

ಅಷ್ಟರಲ್ಲಿ ಬಸ್ ಬಂತು. ಸೀಟು ಒಂದೇ ಸಿಕ್ಕಿತು. ಅವನು ಕೂತ, ಪುಸ್ತಕ ಅವನ ಕೈಯಲ್ಲೇ ಉಳಿಯಿತು.