ಬೀದರಿನ ಆಕಾಶ

ಬೀದರ್ ಎಂದೊಡನೆ ಬಹಮನಿ ಕೋಟೆ, ಗವಾನನ ಮದರಸಾ, ಬಿದರಿ ಹೂಜಿ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುವವರೇ ಬಹಳ. ಊರವರಾದರೆ ನಾಲ್ಕನೆಯದನ್ನೂ ಸೇರಿಸುತ್ತಾರೆ: ತಲೆಯ ಮೇಲೆ ಹಾದುಹೋಗುವ ವಿಮಾನದ ಸದ್ದು. 1960ರ ದಶಕದಿಂದ ವಾಯುಪಡೆಯ ಹುಡುಗರು ರೆಕ್ಕೆ ಬಲಿಸಿಕೊಳ್ಳುತ್ತಿರುವ ನಿಲ್ದಾಣ ಇದು.

ಈ ತರಬೇತಿಯ ಹಿಂದೆ ದೊಡ್ಡದೊಂದು ಸಂಕಟದ ಕಥೆಯಿದೆ. ಬಹುಕಾಲ ನಮ್ಮ ಎಳೆಯ ಪೈಲಟ್‌ಗಳು ಸೌಮ್ಯ ಸ್ವಭಾವದ ಕಿರಣ್ ಜೆಟ್ ಕಲಿತವರೇ ನೇರವಾಗಿ ಮಿಗ್-21 ಏರಬೇಕಿತ್ತು. ಅದು ನೆಲಕ್ಕಿಳಿಯುವ ವೇಗವೇ ಗಂಟೆಗೆ 300 ಕಿಲೋಮೀಟರಿಗೂ ಹೆಚ್ಚು. ಸೈಕಲ್ ಕಲಿತವನ ಕೈಗೆ ಲಾರಿ ಕೊಟ್ಟ ಹಾಗೆ! ನಡುವೆ ಒಂದು ಮೆಟ್ಟಿಲು ಬೇಕೆಂದು 1982ರಲ್ಲಿ ನೇಮಕವಾದ ಲಾ ಫಾಂಟೇನ್ ಸಮಿತಿ ಹೇಳಿತು. ಹಾಕ್ ವಿಮಾನ ಕೊಳ್ಳುವ ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರಲ್ಲಿ. ದಿಲ್ಲಿಯ ಕಡತಗಳು ಎತ್ತಿನ ಗಾಡಿಯಲ್ಲಿ ಹೊರಟ ಆ ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟು ಮನೆಗಳಿಗೆ ಮಗನ ಬದಲು ತಂತಿ ಬಂತೋ!

ಮೊದಲ ಒಪ್ಪಂದ 66 ವಿಮಾನಗಳಿಗೆ. 24 ಬ್ರಿಟನ್ನಿನಿಂದ ಬಂದವು, 42 ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಬೇಕಿತ್ತು. 2008ರ ಫೆಬ್ರುವರಿಯಲ್ಲಿ ಬೀದರಿನಲ್ಲೇ ಹಾಕ್ ವಾಯುಪಡೆಗೆ ಸೇರ್ಪಡೆಯಾಯಿತು. ಎರಡು ಆಸನ, ಮುಂದೆ ಶಿಷ್ಯ, ಹಿಂದೆ ಗುರು.

ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದೂ ಇಲ್ಲಿಯೇ. ಒಂಬತ್ತು ಕಿರಣ್ ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗಿಸಿದಂತೆ ಹಾರುವುದನ್ನು ದೇಶವೆಲ್ಲ ಟಿಕೇಟು ಕೊಂಡು ನೋಡಿದರೆ, ಬೀದರಿನವರು ಮಾಳಿಗೆ ಮೇಲೆ ನಿಂತು ಪುಕ್ಕಟೆ ನೋಡಿದರು. ಆದರೆ 2009ರಲ್ಲಿ ಎಚ್‌ಪಿಟಿ-32 ತರಬೇತಿ ವಿಮಾನಗಳನ್ನು ನೆಲಕ್ಕಿಳಿಸಿದ ಮೇಲೆ ಪಾಠಕ್ಕೇ ಕಿರಣ್ ಬೇಕಾಯಿತು. 2011ರಲ್ಲಿ ತಂಡ ನಿಂತಿತು. 2015ರಲ್ಲಿ ಹಾಕ್ ಏರಿ ಮತ್ತೆ ಬಂತು. ಚೆಂದದ ಆಟಕ್ಕೆ ತೆತ್ತ ಬೆಲೆಯೂ ಇದೆ: 2019ರ ಫೆಬ್ರುವರಿಯಲ್ಲಿ ಯಲಹಂಕದಲ್ಲಿ ಅಭ್ಯಾಸದ ವೇಳೆ ಎರಡು ಹಾಕ್‌ಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು.

ಇಷ್ಟೆಲ್ಲ ಹಾರಾಟ ನೋಡಿದ ಊರಿಗೆ ತಾನೇ ಹಾರುವ ಭಾಗ್ಯ ಬೇಗ ಬರಲಿಲ್ಲ. ನಾಗರಿಕರಿಗಾಗಿ ಕಟ್ಟಿದ ಟರ್ಮಿನಲ್ ವರ್ಷಗಟ್ಟಲೆ ಬೀಗ ಹಾಕಿಕೊಂಡು ಕೂತಿತ್ತು. ಹೈದರಾಬಾದಿನ ಹೊಸ ವಿಮಾನ ನಿಲ್ದಾಣದಿಂದ 150 ಕಿಲೋಮೀಟರಿನೊಳಗೆ ಇನ್ನೊಂದು ಬೇಡವೆಂಬ ನಿಯಮ ಅಡ್ಡ ಬಂದಿತ್ತು. ಕೊನೆಗೂ 2020ರ ಫೆಬ್ರುವರಿ 7ರಂದು ಬೀದರ್-ಬೆಂಗಳೂರು ವಿಮಾನ ಹಾರಿತು, ವಾಯುಪಡೆಯ ಅದೇ ರನ್‌ವೇಯಿಂದ.